ನೀರಿನಲ್ಲಿ ನಿಂತ ಮೇಣ

1935ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಪಟ್ಟಣದಿಂದ ಒಂದು ಸಣ್ಣ ವಿಮಾನ ಬ್ರೆಜಿಲ್‌ನತ್ತ ಹೊರಟಿತು. ನೆಲದ ಮೇಲೂ ನೀರಿನ ಮೇಲೂ ಇಳಿಯಬಲ್ಲ ಸಿಕೋರ್ಸ್ಕಿ ಎಸ್-38 ಅದು. ಒಳಗಿದ್ದವರು ಎಸ್. ಸಿ. ಜಾನ್ಸನ್ ಕಂಪನಿಯ ಮುಖ್ಯಸ್ಥ ಹರ್ಬರ್ಟ್ ಜಾನ್ಸನ್ ಮತ್ತು ಅವರ ಜೊತೆಗಾರರು. ಕಡಲತೀರದ ಫೋರ್ಟಲೇಜಾ ನಗರ ತಲುಪಿ, ಅಲ್ಲಿಂದ ಒಳನಾಡಿಗೆ ಹೋಗಿ, ಒಂದು ಜಾತಿಯ ತಾಳೆ ಮರ ಎಷ್ಟಿದೆ, ಮುಂದೆಯೂ ಸಿಗುತ್ತದೆಯೇ ಎಂದು ಕಣ್ಣಾರೆ ನೋಡಿಬರುವುದು ಅವರ ಉದ್ದೇಶ. ಆ ಮರದ ಹೆಸರು ಕಾರ್ನೌಬಾ. ಅದರ ಗರಿಗಳ ಮೇಲೆ ಕೂತಿರುವ ಮೇಣದ ಪುಡಿಯ ಮೇಲೆ ಆ ಕಂಪನಿಯ ಇಡೀ ವ್ಯಾಪಾರ ನಿಂತಿತ್ತು.

ಆ ಅವಲಂಬನೆ ಅಷ್ಟೊಂದು ಬೆಳೆದದ್ದಕ್ಕೆ ಕಾರಣ ಮೂರು ವರ್ಷ ಹಿಂದೆ ಮಾರುಕಟ್ಟೆಗೆ ಬಿಟ್ಟ ಒಂದು ಸರಕು. ಅಲ್ಲಿಯವರೆಗೆ ಮರದ ನೆಲಕ್ಕೆ ಹೊಳಪು ಬೇಕೆಂದರೆ ಟರ್ಪೆಂಟೈನಿನಲ್ಲಿ ಕಲಸಿದ ಮೇಣವನ್ನು ಮಂಡಿಯೂರಿ ಕೂತು ಹಚ್ಚಬೇಕಿತ್ತು, ಒಣಗಿದ ಮೇಲೆ ಮತ್ತೆ ಮಂಡಿಯೂರಿ ಉಜ್ಜಬೇಕಿತ್ತು. ಈ ದುಡಿಮೆಯೆಲ್ಲ ಬಹುಪಾಲು ಹೆಂಗಸರದು, ಮನೆಗೆಲಸದವರದು. 1932ರಲ್ಲಿ ಬಂದ ‘ಗ್ಲೋ-ಕೋಟ್’ ಎಂಬ ದ್ರವವನ್ನು ನೆಲಕ್ಕೆ ಸುರಿದು ಕೋಲುಬಟ್ಟೆಯಿಂದ ಸಾರಿಸಿದರೆ ಸಾಕು. ಒಣಗಿದಂತೆ ತಾನೇ ಹೊಳೆಯುತ್ತಿತ್ತು. ಅಮೆರಿಕ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ವರ್ಷಗಳಲ್ಲಿ ಆ ಕಂಪನಿಯನ್ನು ಬೀಳದಂತೆ ಕಾಪಾಡಿದ್ದು ಇದೇ ಸರಕು. ಅದರೊಳಗಿದ್ದ ವಿದ್ಯೆ ಒಂದೇ: ನೀರಿಗೂ ತನಗೂ ಆಗದ ಮೇಣವನ್ನು ನೀರಿನಲ್ಲೇ ನಿಲ್ಲಿಸುವುದು. ಮೇಣದ ಎಮಲ್ಷನ್ ಎಂದರೆ ಇಷ್ಟೇ.

ಇಷ್ಟೇ ಎನ್ನುವ ಈ ವಸ್ತು ಇವತ್ತು ಅಂಗಡಿಯ ಸೇಬಿನ ಮೇಲಿದೆ, ಅಡುಗೆಮನೆಯ ಕಪಾಟಿನ ಹಲಗೆಯೊಳಗಿದೆ, ಹೊಸದಾಗಿ ಹಾಕಿದ ಕಾಂಕ್ರೀಟ್ ರಸ್ತೆಯ ಮೇಲೆ ಬಿಳಿಯ ಪದರವಾಗಿದೆ, ನಾವು ತೊಟ್ಟ ಅಂಗಿಯ ನೂಲಿನಲ್ಲಿದೆ. ಅದರ ಬಗ್ಗೆ ನಮಗಿರುವ ತಿಳಿವಳಿಕೆ ಮಾತ್ರ ಸೇಬನ್ನು ಚಾಕುವಿನಿಂದ ಕೆರೆದು ತೋರಿಸುವ ಮೊಬೈಲ್ ವಿಡಿಯೊಗಳ ಮಟ್ಟದಲ್ಲೇ ನಿಂತಿದೆ. ಮೇಣ ಇದೆಯೇ ಇಲ್ಲವೇ ಎಂದು ಗಾಬರಿಪಡುತ್ತೇವೆ. ಯಾವ ಮೇಣ, ಅದನ್ನು ನೀರಿಗೆ ಬೆರೆಸಿದ್ದು ಯಾವುದರಿಂದ ಎಂದು ಕೇಳುವುದಿಲ್ಲ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಎರಡನೆಯದು.

ಒಂದು ಲೀಟರ್, ಹದಿನೈದು ಎಕರೆ

ಹಾಲು ಎಮಲ್ಷನ್. ಕೊಬ್ಬಿನ ಸೂಕ್ಷ್ಮ ಗೋಲಗಳು ನೀರಿನಲ್ಲಿ ಒಂದಕ್ಕೊಂದು ಅಂಟದೆ ತೇಲುತ್ತಿರುವುದು ಅದು ಬೆಳ್ಳಗೆ ಕಾಣಲು ಒಂದು ಕಾರಣ. ಮೇಣದ ಎಮಲ್ಷನ್ನಿನಲ್ಲಿ ಕೊಬ್ಬಿನ ಜಾಗದಲ್ಲಿ ಮೇಣವಿರುತ್ತದೆ. ಒಳ್ಳೆಯ ಎಮಲ್ಷನ್ನಿನಲ್ಲಿ ಕಣಗಳ ಗಾತ್ರ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಅತ್ಯಂತ ನಯವಾದವುಗಳಲ್ಲಿ 0.1 ಮೈಕ್ರಾನಿಗೂ ಕೆಳಗೆ ಇಳಿಯುತ್ತದೆ. ಬೆಳಕಿನ ಅಲೆಗಿಂತಲೂ ಚಿಕ್ಕದಾದ ಈ ಕಣಗಳು ಬೆಳಕನ್ನು ಪೂರ್ತಿ ತಡೆಯಲಾರವು. ಹಾಗಾಗಿ ಇಂಥ ದ್ರವ ಹಾಲಿನಂತೆ ಬೆಳ್ಳಗಿರದೆ ನೀಲಿ ಛಾಯೆಯ ಅರೆಪಾರದರ್ಶಕವಾಗಿರುತ್ತದೆ. ಕಾರ್ಖಾನೆಯಲ್ಲಿ ಪಳಗಿದ ಕೆಲಸಗಾರರು ಒಂದಿಷ್ಟನ್ನು ನೀರಿಗೆ ಹಾಕಿ ಬಣ್ಣ ನೋಡಿಯೇ ಹದ ಹೇಳಬಲ್ಲರು.

ಲೆಕ್ಕ ಹಾಕಿ ನೋಡಿದರೆ ಇದರ ಬೆರಗು ತಿಳಿಯುತ್ತದೆ. ಒಂದು ಲೀಟರ್ ಮೇಣವನ್ನು 0.1 ಮೈಕ್ರಾನ್ ವ್ಯಾಸದ ಗೋಲಗಳಾಗಿ ಒಡೆದರೆ ಆ ಗೋಲಗಳ ಒಟ್ಟು ಮೇಲ್ಮೈ 60,000 ಚದರ ಮೀಟರ್, ಅಂದರೆ ಹದಿನೈದು ಎಕರೆಯ ಹತ್ತಿರ. ಇಷ್ಟು ದೊಡ್ಡ ಗಡಿಯುದ್ದಕ್ಕೂ ಮೇಣ ಮತ್ತು ನೀರು ಮುಖಾಮುಖಿಯಾಗಿರುತ್ತವೆ. ಕಾವಲಿಲ್ಲದೆ ಹೋದರೆ ಗೋಲಗಳು ಒಂದನ್ನೊಂದು ಸೇರಿ ಗಟ್ಟಿಯಾಗಿ ಮೇಲೆ ತೇಲಿಬಿಡುತ್ತವೆ. ಕಾವಲಿಗೆ ನಿಲ್ಲುವುದು ಸಾಬೂನು ಅಥವಾ ಸಾಬೂನಿನಂಥ ಪದಾರ್ಥ: ಅದರ ಅಣುವಿನ ಒಂದು ತುದಿಗೆ ಮೇಣ ಇಷ್ಟ, ಇನ್ನೊಂದು ತುದಿಗೆ ನೀರು ಇಷ್ಟ.

ತಯಾರಿಯಲ್ಲಿ ಈ ಸಾಬೂನನ್ನು ಹೊರಗಿನಿಂದ ತಂದು ಹಾಕುವುದಕ್ಕಿಂತ ಪಾತ್ರೆಯಲ್ಲೇ ಹುಟ್ಟಿಸುವುದು ಹಳೆಯ ವಿಧಾನ. ಕರಗಿದ ಮೇಣಕ್ಕೆ ಓಲಿಯಿಕ್ ಆಮ್ಲ ಬೆರೆಸಿ, ಅದಕ್ಕೆ ಅಮೋನಿಯಾ, ಟ್ರೈಎಥನೋಲಮೈನ್ ಅಥವಾ ಮಾರ್ಫೊಲಿನ್ ಎಂಬ ಕ್ಷಾರವನ್ನು ಸೇರಿಸುತ್ತಾರೆ. ಆಮೇಲೆ ಕುದಿಯುವಷ್ಟು ಬಿಸಿಯಾದ ನೀರನ್ನು ನಿಧಾನವಾಗಿ ಹೊಯ್ಯುತ್ತಾ ಕಡೆಯುತ್ತಾರೆ. ಮೊದಮೊದಲು ಮೇಣದೊಳಗೆ ನೀರಿನ ಹನಿಗಳಿರುತ್ತವೆ. ಮಿಶ್ರಣ ಗಟ್ಟಿಯಾಗುತ್ತ ಹೋಗಿ ಕಡೆಯುವ ಯಂತ್ರವೇ ಏದುಸಿರು ಬಿಡುತ್ತದೆ. ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಎಲ್ಲ ತಿರುವುಮುರುವಾಗಿ ನೀರು ಹೊರಗೂ ಮೇಣ ಒಳಗೂ ಆಗುತ್ತದೆ, ಗಟ್ಟಿಯಿದ್ದದ್ದು ತೆಳ್ಳಗಾಗಿ ಹರಿಯತೊಡಗುತ್ತದೆ. ಅಲ್ಲಿಂದ ತಕ್ಷಣ ತಣಿಸಬೇಕು. ಕಾರ್ನೌಬಾ ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಜೇನುಮೇಣ 62ರಿಂದ 64ರಲ್ಲಿ. ಇವುಗಳಿಗೆ ತೆರೆದ ಪಾತ್ರೆ ಸಾಕು. 100 ಡಿಗ್ರಿ ದಾಟಿದ ಮೇಲೆ ಕರಗುವ ಪಾಲಿಥಿಲೀನ್ ಮೇಣಕ್ಕೆ ಮಾತ್ರ ಒತ್ತಡದ ಮುಚ್ಚಿದ ಪಾತ್ರೆಯೇ ಬೇಕು, ಇಲ್ಲದಿದ್ದರೆ ನೀರು ಆವಿಯಾಗಿ ಹೋಗುತ್ತದೆ.

ಹೀಗೆ ಮಾಡಿದ ಎಮಲ್ಷನ್ ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಒಡೆಯದೆ ಇರಬೇಕು, ಆದರೆ ಹಣ್ಣಿನ ಮೇಲೋ ಹಲಗೆಯೊಳಗೋ ಸೇರಿದ ಮೇಲೆ ಬೇಗನೆ ಒಡೆದು ಪದರವಾಗಬೇಕು. ಈ ಎರಡು ಬೇಡಿಕೆಗಳ ನಡುವೆ ದಾರಿ ಹುಡುಕುವುದರಲ್ಲೇ ಈ ಉದ್ಯಮದ ಜಾಣ್ಮೆಯೆಲ್ಲ ಇದೆ. ಕೆಡಿಸುವ ಸಂಗತಿಗಳೂ ಹಲವು. ಹೆಪ್ಪುಗಟ್ಟುವ ಚಳಿಗೆ ಸಿಕ್ಕರೆ ಒಡೆಯುತ್ತದೆ. ಗಡಸು ನೀರಿನಲ್ಲಿ ಬೆರೆಸಿದರೂ ಒಡೆಯುತ್ತದೆ. ನೀರಿನ ಸುಣ್ಣದಂಶ ಸಾಬೂನನ್ನು ಹಿಡಿದುಕೊಂಡುಬಿಟ್ಟಾಗ ಗೋಲಗಳಿಗೆ ಕಾವಲು ತಪ್ಪುತ್ತದೆ. ನಮ್ಮ ಬಯಲುಸೀಮೆಯ ಕೊಳವೆಬಾವಿ ನೀರಿನಲ್ಲಿ ಇಂಥ ಎಮಲ್ಷನ್ ಬಳಸುವವರು ಮೊದಲು ನೀರನ್ನು ಪರೀಕ್ಷಿಸಿಕೊಳ್ಳಲೇಬೇಕು.

ಗಿಡಗಳು ಕಲಿಸಿದ ಪಾಠ

ಮೇಣ ಹಚ್ಚುವ ವಿದ್ಯೆ ಗಿಡಮರಗಳದು. ಕೆಸುವಿನೆಲೆಯ ಮೇಲೆ ನೀರು ನಿಲ್ಲದೆ ಹನಿಯಾಗಿ ಉರುಳುವುದು ಎಲೆಯ ಮೇಲಿನ ಮೇಣದಿಂದ. ಕಬ್ಬಿನ ಗೆಣ್ಣಿನ ಬಳಿ ಬೆರಳಿಗಂಟುವ ಬಿಳಿ ಪುಡಿಯೂ ಮೇಣವೇ. ದ್ರಾಕ್ಷಿಯ ಮೇಲಿನ ಮಂಜಿನಂಥ ಬಿಳುಪನ್ನು ಔಷಧಿ ಸಿಂಪಡಣೆಯ ಕಲೆ ಎಂದುಕೊಳ್ಳುವವರು ಬಹಳ. ಅದು ಬಹುಮಟ್ಟಿಗೆ ಹಣ್ಣೇ ಸುರಿಸಿಕೊಂಡ ಮೇಣ. ಎಲ್ಲೆಡೆ ಕೆಲಸ ಒಂದೇ, ಒಳಗಿನ ನೀರನ್ನು ಕಾಯುವುದು. ಈಶಾನ್ಯ ಬ್ರೆಜಿಲ್‌ನ ಸಿಯರಾ, ಪಿಯಾವಿ ರಾಜ್ಯಗಳ ಒಣ ಬಿಸಿಲಿನಲ್ಲಿ ಬದುಕಬೇಕಾದ ಕಾರ್ನೌಬಾ ಈ ಕಾಯುವಿಕೆಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಜಗತ್ತಿನ ಅತಿ ಗಟ್ಟಿಯಾದ ಸಸ್ಯಮೇಣಗಳಲ್ಲಿ ಒಂದನ್ನು ಕೊಟ್ಟಿತು. ಗರಿ ಕಡಿದು, ಬಿಸಿಲಿಗೆ ಒಣಗಿಸಿ, ಬಡಿದು ಪುಡಿ ಉದುರಿಸಬೇಕು. ಒಂದು ಗರಿಯಿಂದ ಸಿಗುವುದು ಕೆಲವೇ ಗ್ರಾಂ. ಉದ್ದನೆಯ ಗಳುವಿಗೆ ಕುಡುಗೋಲು ಕಟ್ಟಿ ಸುಡುಬಿಸಿಲಿನಲ್ಲಿ ಗರಿ ಇಳಿಸುವ ಕೂಲಿಕಾರರ ಬದುಕು ಕಠಿಣವಾದದ್ದು. ಗುಲಾಮಗಿರಿಗೆ ಸಮಾನವಾದ ಸ್ಥಿತಿಯಲ್ಲಿ ದುಡಿಯುತ್ತಿದ್ದವರನ್ನು ಬ್ರೆಜಿಲ್ ಸರ್ಕಾರದ ತಪಾಸಣಾಧಿಕಾರಿಗಳು ಈ ತೋಪುಗಳಿಂದ ಬಿಡಿಸಿದ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲೂ ನಡೆದಿವೆ. ಸಸ್ಯಮೂಲದ್ದು ಎಂದ ಮಾತ್ರಕ್ಕೆ ಒಂದು ಸರಕು ನಿರ್ಮಲವಾಗುವುದಿಲ್ಲ.

ಇದೇ ಪಾಠವನ್ನು ತಿರುಗಿಸಿ ಬಳಸುವ ಜಾಗ ನಮ್ಮ ವಿಜಯಪುರ. ಒಣದ್ರಾಕ್ಷಿ ಮಾಡುವವರಿಗೆ ನೀರು ಬೇಗ ಹೊರಗೆ ಹೋಗಬೇಕು, ದ್ರಾಕ್ಷಿಯ ಮೇಣ ಅದಕ್ಕೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ನೆರಳಿನ ಶೆಡ್ಡುಗಳಲ್ಲಿ ಹರಡುತ್ತಾರೆ. ಆ ಎಣ್ಣೆಯ ಮುಖ್ಯ ಅಂಶ ಈಥೈಲ್ ಓಲಿಯೇಟ್. ಅದ್ದುವ ನೀರೂ ಒಂದು ಎಮಲ್ಷನ್ನೇ. ಅದು ಹಣ್ಣಿನ ಮೇಣದ ಪದರಗಳ ನಡುವೆ ನುಸುಳಿ ನೀರಿಗೆ ದಾರಿ ಬಿಡಿಸುತ್ತದೆ. ಅದ್ದದೆ ಒಣಗಿಸಿದರೆ ಹೆಚ್ಚು ದಿನ ಹಿಡಿಯುತ್ತದೆ, ಹಣ್ಣು ಕಪ್ಪಗಾಗುತ್ತದೆ.

ಉಳಿದ ಹಣ್ಣುಗಳ ಕಥೆ ಇದಕ್ಕೆ ವಿರುದ್ಧ. ಕಿತ್ತ ಮೇಲೂ ಹಣ್ಣು ಉಸಿರಾಡುತ್ತದೆ, ಬೆವರುತ್ತದೆ. ಬೇರಿನಿಂದ ನೀರು ಬರುವುದು ಮಾತ್ರ ನಿಂತಿರುತ್ತದೆ. ತೂಕದಲ್ಲಿ ಶೇ 5ರಿಂದ 10ರಷ್ಟು ನೀರು ಹೋದರೆ ಸಿಪ್ಪೆ ಸುಕ್ಕುಗಟ್ಟಿ ಹಣ್ಣು ಮಾರಾಟಕ್ಕೆ ಬಾರದಾಗುತ್ತದೆ. ದೊಡ್ಡ ಪ್ಯಾಕಿಂಗ್ ಶೆಡ್ಡುಗಳಲ್ಲಿ ಮಣ್ಣು, ಔಷಧಿ ಹೋಗಲೆಂದು ಹಣ್ಣನ್ನು ತೊಳೆದಾಗ ಅದರ ಸ್ವಂತ ಮೇಣವೂ ಒಂದಿಷ್ಟು ಹೋಗುತ್ತದೆ. ಆ ನಷ್ಟ ತುಂಬಲು ತೊಳೆದು ಒಣಗಿಸಿದ ಹಣ್ಣಿಗೆ ಎಮಲ್ಷನ್ ಸಿಂಪಡಿಸಿ, ಉರುಳುವ ಬ್ರಷ್ಷುಗಳ ಮೇಲೆ ಹಾಯಿಸಿ, ಬಿಸಿಗಾಳಿಯಲ್ಲಿ ಆರಿಸುತ್ತಾರೆ. ಶೇ 20ರಷ್ಟು ಘನಾಂಶವಿರುವ ಎಮಲ್ಷನ್ನನ್ನು ಟನ್ ಕಿತ್ತಳೆಗೆ ಒಂದು ಲೀಟರಿನ ಲೆಕ್ಕದಲ್ಲಿ ಬಳಸಿದರೆ, 150 ಗ್ರಾಂ ತೂಗುವ ಒಂದು ಹಣ್ಣಿನ ಪಾಲಿಗೆ ಬರುವ ಮೇಣ ಸುಮಾರು 30 ಮಿಲಿಗ್ರಾಂ, ಪದರದ ದಪ್ಪ ಎರಡು ಮೈಕ್ರಾನಿನ ಆಸುಪಾಸು.

ದಪ್ಪ ಹಚ್ಚಿದರೆ ಇನ್ನೂ ಒಳ್ಳೆಯದಲ್ಲವೇ ಎಂದರೆ ಅಲ್ಲ. ಹಣ್ಣಿಗೆ ಆಮ್ಲಜನಕ ಸಿಗದೆ ಒಳಗೇ ಹುಳಿತು ಆಲ್ಕೊಹಾಲಿನ ವಾಸನೆ ಬರುತ್ತದೆ. ನೀರನ್ನು ತಡೆಯಬೇಕು, ಉಸಿರನ್ನು ಕಟ್ಟಬಾರದು. ಯಾವ ಹಣ್ಣಿಗೆ ಯಾವ ಮೇಣ, ಎಷ್ಟು ಎಂಬುದು ವರ್ಷಗಟ್ಟಲೆಯ ಪ್ರಯೋಗದಿಂದ ಮಾತ್ರ ಸಿದ್ಧಿಸುವ ಲೆಕ್ಕ.

ಆ ಪ್ರಯೋಗ ನಮ್ಮಲ್ಲೇ ನಡೆದಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ನಮ್ಮ ಸಿಎಫ್‌ಟಿಆರ್‌ಐ, ತಾಜಾ ಹಣ್ಣು ತರಕಾರಿಗಳಿಗಾಗಿಯೇ ಮೇಣದ ಎಮಲ್ಷನ್ ರೂಪಿಸಿತು. ‘ವ್ಯಾಕ್ಸಾಲ್’ ಎಂಬ ಹೆಸರು ಭಾರತದ ತೋಟಗಾರಿಕೆ ಸಂಶೋಧನಾ ಪ್ರಬಂಧಗಳಲ್ಲಿ ದಶಕಗಳ ಕಾಲ ಕಾಣಿಸಿಕೊಂಡಿದೆ: ಮಾವು, ಕಿತ್ತಳೆ, ನಿಂಬೆಯನ್ನು ಇಷ್ಟು ಶೇಕಡಾ ವ್ಯಾಕ್ಸಾಲ್‌ನಲ್ಲಿ ಅದ್ದಿ ಇಷ್ಟು ದಿನ ಇಡಲಾಯಿತು ಎಂಬ ಧಾಟಿಯಲ್ಲಿ. ಅದ್ದಿದ ಹಣ್ಣಿನ ತೂಕ ನಿಧಾನವಾಗಿ ಇಳಿಯಿತು, ಬಾಳಿಕೆ ಹೆಚ್ಚಿತು ಎಂದು ಆ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿದವು. ಶೀತಲಗೃಹವಿಲ್ಲದ ಹಳ್ಳಿಯಲ್ಲೂ ಒಂದು ತೊಟ್ಟಿ, ಒಂದು ಬುಟ್ಟಿ ಇದ್ದರೆ ಮಾಡಬಹುದಾದ ಕೆಲಸವಿದು.

ಆದರೂ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆ ಬೆಳೆಗಾರರು ಬೆಲೆ ಬಿದ್ದ ವಾರದಲ್ಲಿ ಕಾಯಿಯನ್ನು ಎರಡು ದಿನ ಹಿಡಿದಿಡಲಾಗದೆ ಸಿಕ್ಕಷ್ಟಕ್ಕೆ ಕೊಡುತ್ತಾರೆ. ಆ ನಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಕೊಯ್ಲಾದ ಮೇಲಿನ ಆರೈಕೆ ಹೊಲದ ಅಂಚಿಗೆ ಬರಲಿಲ್ಲ. ಮೈಸೂರಿನ ಪ್ರಯೋಗಶಾಲೆಗೂ ವಿಜಯಪುರದ ಮಾರುಕಟ್ಟೆಗೂ ನಡುವಿನ ಈ ಅಂತರ ನನ್ನನ್ನು ಕಾಡುತ್ತದೆ. ರೈತ ಉತ್ಪಾದಕ ಸಂಘಗಳು ಕೈಗೆತ್ತಿಕೊಳ್ಳಲು ಇದಕ್ಕಿಂತ ಕಡಿಮೆ ಬಂಡವಾಳದ ಕೆಲಸ ಹೆಚ್ಚಿಲ್ಲ.

ಹಣ್ಣಿಗೆ ಹೊಳಪು ಕೊಡುವ ಇನ್ನೊಂದು ಪದಾರ್ಥ ಬಹುಪಾಲು ಭಾರತದ್ದು. ಅರಗಿನ ಹುಳುಗಳು ಪಲಾಶ, ಬೋರೆಯಂಥ ಮರಗಳ ಕೊಂಬೆಗಳಲ್ಲಿ ಸ್ರವಿಸುವ ರಾಳವನ್ನು ಶುದ್ಧ ಮಾಡಿದರೆ ಶೆಲ್ಯಾಕ್. ಜಾರ್ಖಂಡ್, ಛತ್ತೀಸಗಡ ಇದರ ನೆಲೆ. ರಾಂಚಿ ಬಳಿಯ ನಾಮ್‌ಕುಮ್‌ನಲ್ಲಿ 1924ರಲ್ಲೇ ಅರಗಿಗೆಂದು ಸಂಶೋಧನಾ ಸಂಸ್ಥೆ ಶುರುವಾಗಿತ್ತು. ಚನ್ನಪಟ್ಟಣದ ಗೊಂಬೆಗಳ ಮೈಗೆ ಬಣ್ಣ ಹಿಡಿಸುವುದೂ ಅರಗೇ. ಜಗತ್ತಿನ ಸೇಬು, ಕಿತ್ತಳೆಗಳ ಮೇಲೆ ಕಾರ್ನೌಬಾದ ಜೊತೆ ನಮ್ಮ ಆದಿವಾಸಿಗಳು ಕಿತ್ತ ಅರಗೂ ಹೊಳೆಯುತ್ತಿರುತ್ತದೆ.

ರಸ್ತೆ, ಹಲಗೆ, ಬಟ್ಟೆ

ನೀರು ಕಾಯುವ ಕೆಲಸ ಕಾಂಕ್ರೀಟಿನಲ್ಲೂ ಅಷ್ಟೇ ಮುಖ್ಯ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿ. ಒಳಗಿನ ತೇವ ಒಂದು ಮಿತಿಗಿಂತ, ಸುಮಾರು ಶೇ 80ರ ಸಾಪೇಕ್ಷ ಆರ್ದ್ರತೆಗಿಂತ ಕೆಳಗಿಳಿದರೆ ಆ ಕೂಡುವಿಕೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅದಕ್ಕೇ ಕ್ಯೂರಿಂಗ್, ಅಂದರೆ ಆ ತೇವವನ್ನು ಕಾಯುವ ಕೆಲಸ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ. ಹಾರುಬೂದಿಯಂಥದ್ದು ಬೆರೆತಿದ್ದರೆ ಅಥವಾ ಹವೆ ಬಿಸಿಯಾಗಿ ಒಣಗಿದ್ದರೆ 10 ದಿನ. ಮನೆಯ ತಾರಸಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇವೆ, ಕಂಬಕ್ಕೆ ಗೋಣಿತಾಟು ಸುತ್ತಿ ನೀರು ಹನಿಸುತ್ತೇವೆ. ಕಿಲೋಮೀಟರುಗಟ್ಟಲೆ ರಸ್ತೆಗೆ, ಕಾಲುವೆಯ ಇಳಿಜಾರಿಗೆ, ವಿಮಾನದ ಓಡುಹಾದಿಗೆ ಹಾಗೆ ಮಾಡುವುದು ಸುಲಭವಲ್ಲ.

ಅಲ್ಲಿ ಹೊಸ ಕಾಂಕ್ರೀಟಿನ ಮೇಲ್ಮೈಯ ನೀರಿನ ಹೊಳಪು ಆರುತ್ತಿದ್ದಂತೆ ಮೇಣದ ಎಮಲ್ಷನ್ ಸಿಂಪಡಿಸುತ್ತಾರೆ. ಬಿಸಿಲು ಹಿಂದಕ್ಕೆ ಚಿಮ್ಮಲೆಂದು ಅದಕ್ಕೆ ಬಿಳಿ ಬಣ್ಣ ಸೇರಿಸಿರುತ್ತಾರೆ. ಬೆಂಗಳೂರಿನಲ್ಲಿ ವೈಟ್ ಟಾಪಿಂಗ್, ಅಂದರೆ ರಸ್ತೆಗೆ ಕಾಂಕ್ರೀಟ್ ಹಾಸುವ ಕೆಲಸ ನೋಡಿದವರಿಗೆ ಇದರ ಪರಿಚಯವಿದ್ದೀತು. ಅಮೆರಿಕದ ಎಎಸ್‌ಟಿಎಂ ಸಿ309 ಮಾನಕ ಇಂಥ ಪದರಕ್ಕೆ ಕಟ್ಟುನಿಟ್ಟಾದ ಪರೀಕ್ಷೆ ಇಡುತ್ತದೆ: 72 ಗಂಟೆಗಳಲ್ಲಿ ಚದರ ಮೀಟರಿಗೆ 0.55 ಕಿಲೋಗಿಂತ ಹೆಚ್ಚು ನೀರು ಕಳೆದುಹೋಗಬಾರದು. ಸಿಂಪಡಿಸುವುದು ತಡವಾದರೆ, ಅಲ್ಲಲ್ಲಿ ಬಿಟ್ಟುಹೋದರೆ ರಸ್ತೆಯ ಮೈಮೇಲೆ ಕೂದಲೆಳೆಯ ಬಿರುಕುಗಳು ಹುಟ್ಟುತ್ತವೆ. ಒಂದು ಎಚ್ಚರಿಕೆ ಮನೆ ಕಟ್ಟಿಸುವವರಿಗೆ: ಮೇಲೆ ಗಾರೆ, ಟೈಲ್ಸ್, ಬಣ್ಣ ಬರಬೇಕಾದ ಕಡೆ ಮೇಣದ ಕ್ಯೂರಿಂಗ್ ಬಳಸಬಾರದು. ಬಳಸಿದ್ದರೆ ಪೂರ್ತಿ ಉಜ್ಜಿ ತೆಗೆಯಬೇಕು, ಇಲ್ಲವಾದರೆ ಮೇಲಿನದು ಹಿಡಿದುಕೊಳ್ಳುವುದಿಲ್ಲ.

2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಕೂಡದು, ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಅಂಥ ಊರಿನಲ್ಲಿ ನೀರನ್ನು ಹೊರಗಿನಿಂದ ಸುರಿಯುವ ಬದಲು ಒಳಗಿನದನ್ನೇ ಹಿಡಿದಿಡುವ ವಿಧಾನಕ್ಕೆ ಇನ್ನೂ ಹೆಚ್ಚಿನ ಜಾಗ ಸಿಗಬೇಕಿತ್ತು.

ಹಲಗೆಯ ವಿಷಯ ಚಿಕ್ಕದು. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳಲ್ಲಿ ಮರದ ಚೂರು ಅಥವಾ ನಾರಿಗೆ ಅಂಟಿನ ಜೊತೆ ಪ್ಯಾರಾಫಿನ್ ಎಮಲ್ಷನ್ ಸೇರಿಸುತ್ತಾರೆ. ಮರದ ತೂಕದ ಶೇ 1ರಷ್ಟು ಅಥವಾ ಇನ್ನೂ ಕಡಿಮೆ ಮೇಣ ಸಾಕು. ಬಿಸಿ ಒತ್ತುಯಂತ್ರದಲ್ಲಿ ಅದು ಕರಗಿ ನಾರಿನ ಮೇಲೆ ಹರಡಿಕೊಳ್ಳುತ್ತದೆ. ಹಲಗೆ ನೀರು ಕುಡಿಯುವುದು ಇದರಿಂದ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಸಿಂಕಿನ ಕೆಳಗಿನ ಕಪಾಟಿಗೆ ಸಾಮಾನ್ಯ ಎಂಡಿಎಫ್ ಹಾಕಿಸಿಕೊಂಡವರಿಗೆ ಅಂಚು ಉಬ್ಬುವುದು ಗೊತ್ತು.

ಗಾರ್ಮೆಂಟ್ ಕಾರ್ಖಾನೆಗಳಲ್ಲಿ ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕುವ ಯಂತ್ರಗಳ ಸೂಜಿ ಉಜ್ಜಾಟದಿಂದಲೇ 200 ಡಿಗ್ರಿ ದಾಟುವುದುಂಟು. ಕೃತಕ ನೂಲು ಕರಗುತ್ತದೆ, ಬಟ್ಟೆಯಲ್ಲಿ ತೂತು ಬೀಳುತ್ತದೆ. ಬಟ್ಟೆಗೆ ಕೊನೆಯ ಹದ ಕೊಡುವಾಗ ಪಾಲಿಥಿಲೀನ್ ಎಮಲ್ಷನ್ ಸೇರಿಸಿದರೆ ಸೂಜಿ ಜಾರಿಕೊಂಡು ಹೋಗುತ್ತದೆ. ಮಗ್ಗಕ್ಕೇರುವ ಹಾಸಿನ ನೂಲಿಗೆ ಹಾಕುವ ಗಂಜಿಯಲ್ಲಿ ಮೇಣ ಬೆರೆಸುವುದೂ ಇದೇ ಕಾರಣಕ್ಕೆ. ಪತ್ರಿಕೆಯ ಮುಖಪುಟದ ಶಾಯಿ ಕೈಗಂಟದಂತೆ, ಚರ್ಮಕ್ಕೆ ಮೆರುಗು ಬರುವಂತೆ, ಜಿಪ್ಸಂ ಹಲಗೆ ತೇವಕ್ಕೆ ಮೆತ್ತಗಾಗದಂತೆ, ರಬ್ಬರ್ ಕೈಗವಸು ಓಜೋನಿನಿಂದ ಬಿರಿಯದಂತೆ ನೋಡಿಕೊಳ್ಳುವುದೂ ಈ ಎಮಲ್ಷನ್ನುಗಳೇ.

ಕೇಳಬೇಕಾದ್ದು

ಮತ್ತೆ ಸೇಬಿನ ಭಯಕ್ಕೆ ಬರೋಣ. ಚಾಕುವಿನಿಂದ ಕೆರೆದಾಗ ಬಿಳಿ ಪುಡಿ ಬಂದಿತೆಂದರೆ ವಿಷ ಸಿಕ್ಕಿತು ಎಂದರ್ಥವಲ್ಲ. ಗಿಡದಿಂದ ಆಗಷ್ಟೇ ಕಿತ್ತ ಸೇಬನ್ನು ಕೆರೆದರೂ ಮೇಣ ಬರುತ್ತದೆ. ಹಚ್ಚಿದ ಕಾರ್ನೌಬಾ, ಜೇನುಮೇಣಗಳು ಹೊಟ್ಟೆಯಲ್ಲಿ ಬಹುಮಟ್ಟಿಗೆ ಜೀರ್ಣವಾಗದೆ ಹೊರಹೋಗುತ್ತವೆ. ಚರ್ಚೆಗೆ ನಿಜವಾಗಿ ಯೋಗ್ಯರಾದವರು ಮೇಣದ ಜೊತೆಗಾರರು.

ಮಾರ್ಫೊಲಿನ್ ಅಂಥ ಒಬ್ಬ ಜೊತೆಗಾರ. ಪದರ ಆರುವಾಗ ನೀರಿನೊಡನೆ ಅದೂ ಆವಿಯಾಗಿ ಹೋಗುವುದರಿಂದ ಉಳಿದ ಮೇಣ ಮತ್ತೆ ನೀರಿಗೆ ಕರಗುವುದಿಲ್ಲ, ಹೊಳಪು ಚೆನ್ನಾಗಿರುತ್ತದೆ. ಆದರೆ ಕುರುಹು ಉಳಿದು ನೈಟ್ರೈಟ್ ಜೊತೆ ಸೇರಿದರೆ ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ಸಂಯುಕ್ತವೊಂದು ಹುಟ್ಟಬಲ್ಲದು. ಅಮೆರಿಕ ಇದನ್ನು ಹಣ್ಣಿನ ಲೇಪನದಲ್ಲಿ ಒಪ್ಪುತ್ತದೆ, ಯುರೋಪಿಯನ್ ಒಕ್ಕೂಟ ಒಪ್ಪುವುದಿಲ್ಲ. 2010ರಲ್ಲಿ ಚಿಲಿಯಿಂದ ಬ್ರಿಟನ್ನಿಗೆ ಬಂದ ಸೇಬುಗಳಲ್ಲಿ ಮಾರ್ಫೊಲಿನ್ ಸಿಕ್ಕಾಗ ಅಲ್ಲಿನ ಆಹಾರ ಸುರಕ್ಷಾ ಸಂಸ್ಥೆ ಮಧ್ಯಪ್ರವೇಶಿಸಿತು. ಇನ್ನೊಬ್ಬ ಜೊತೆಗಾರ ಶಿಲೀಂಧ್ರನಾಶಕ. ದೂರ ಸಾಗಿಸುವ ಕಿತ್ತಳೆ, ನಿಂಬೆಗಳ ಮೇಣದಲ್ಲೇ ಇಮಜಲಿಲ್, ಥಯಾಬೆಂಡಜೋಲ್ ಬೆರೆಸುವ ಪದ್ಧತಿ ಹೊರದೇಶಗಳಲ್ಲಿದೆ. ತೊಳೆ ಬಿಡಿಸಿ ತಿನ್ನುವವರಿಗೆ ಇದು ಅಷ್ಟು ತಟ್ಟದು. ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವವರಿಗೆ ತಟ್ಟುತ್ತದೆ. ಗೊಜ್ಜಿಗೆ ಹೊಳಪಿಲ್ಲದ ನಾಟಿ ಹಣ್ಣೇ ಸರಿ. ಉಳಿದಂತೆ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೊಳೆದರೆ ಮೇಲಿನ ಕೊಳೆ ಹೋಗುತ್ತದೆ, ಮೇಣ ಪೂರ್ತಿ ಹೋಗುವುದಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರದ 2011ರ ನಿಯಮಗಳ ಪ್ರಕಾರ ತಾಜಾ ಹಣ್ಣಿಗೆ ಜೇನುಮೇಣ, ಕಾರ್ನೌಬಾ ಮೇಣ, ಶೆಲ್ಯಾಕ್ ಮೇಣ ಈ ಮೂರನ್ನು ಮಾತ್ರ ಹಚ್ಚಬಹುದು, ಹಚ್ಚಿದ್ದನ್ನು ಲೇಬಲ್ಲಿನಲ್ಲಿ ಮೇಣದ ಹೆಸರು ಸಮೇತ ಹೇಳಬೇಕು. ಮೇಣದಬತ್ತಿಯ ಪ್ಯಾರಾಫಿನ್‌ಗೆ, ಖನಿಜ ತೈಲಕ್ಕೆ ಅಲ್ಲಿ ಜಾಗವಿಲ್ಲ. ಪೆಟ್ಟಿಗೆಯ ಮೇಲಿರುವ ಆ ಮಾಹಿತಿ ಬಿಡಿಯಾಗಿ ಹಣ್ಣು ಕೊಳ್ಳುವ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಹಣ್ಣು ತಟ್ಟೆಗೆ ಬರುವಷ್ಟರಲ್ಲಿ ಪೆಟ್ಟಿಗೆ ಅಂಗಡಿಯ ಹಿಂದೆ ಸೇರಿರುತ್ತದೆ. ಮುಂದಿನ ಸಲ ಹೊಳೆಯುವ ಸೇಬು ಕೊಳ್ಳುವಾಗ ಆ ಪೆಟ್ಟಿಗೆಯನ್ನು ತೋರಿಸಿ ಎಂದು ಅಂಗಡಿಯವರನ್ನು ಕೇಳಿ. ಮೇಣದ ಹೆಸರು ಅದರಲ್ಲಿ ಇಲ್ಲದಿದ್ದರೆ ಆ ಹಣ್ಣು ಕೊಳ್ಳಬೇಡಿ, ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.